ಕಲ್ಲಿನಿಂದ ಮೂವತ್ತೇ ಪ್ರತಿ

ಕಲ್ಲಚ್ಚಿನ ಚಿತ್ರ ಕೊಳ್ಳಲು ಹೋದವರು ಮೊದಲು ಚಿತ್ರವನ್ನು ನೋಡಬಾರದು. ಅದರ ಕೆಳಗಿನ ಬಿಳಿ ಅಂಚನ್ನು ನೋಡಬೇಕು. ಅಲ್ಲಿ ಪೆನ್ಸಿಲ್ಲಿನಲ್ಲಿ ಕೈಯಾರೆ ಹಾಕಿದ ಸಹಿ ಇರಬೇಕು. ಜೊತೆಗೆ ಒಂದು ಓರೆಗೆರೆ, ಅದರ ಆಚೆಗೊಂದು ಈಚೆಗೊಂದು ಅಂಕಿ. ಒಂದು ಅಂಕಿ ಒಟ್ಟು ಎಷ್ಟು ಪ್ರತಿ ತೆಗೆದರು ಎಂದು ಹೇಳುತ್ತದೆ, ಇನ್ನೊಂದು ನಿಮ್ಮ ಕೈಯಲ್ಲಿರುವುದು ಎಷ್ಟನೆಯದು ಎಂದು. ಇಷ್ಟು ನೋಡಿದ ಮೇಲೆ ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ಕಲ್ಲು ಏನಾಯಿತು? ಅವರು ತಡವರಿಸಿದರೆ ಎದ್ದು ಬನ್ನಿ.

ಇದನ್ನು ಹೇಳುವ ಯೋಗ್ಯತೆ ನನಗೆ ಓದಿನಿಂದ ಬಂದದ್ದಲ್ಲ. ನಾನು ಓದಿದ್ದು ನಾಲ್ಕನೇ ತರಗತಿ. ನಮ್ಮಪ್ಪ ಬಿಳಿಗೆರೆ ಸುತ್ತಿನ ತೋಟಗಳಲ್ಲಿ ಕಾಯಿ ಸುಲಿಯುತ್ತಿದ್ದರು. ನಾನೂ ಹಾರೆಯ ಮುಂದೆ ನಿಂತು ಕಾಯಿ ಸುಲಿದೇ ಶುರು ಮಾಡಿದವನು. ಆಮೇಲೆ ತೋಟ ತೋಟ ತಿರುಗಿ ಕಾಯಿ ಹಿಡಿದೆ, ಅಟ್ಟ ಬಾಡಿಗೆಗೆ ಹಿಡಿದೆ, ತಿಪಟೂರಿನಲ್ಲಿ ಉಂಡೆ ಕೊಬ್ಬರಿಯ ವ್ಯಾಪಾರಕ್ಕೆ ಕೂತೆ. ಅಪ್ಪ ಜೀವಮಾನವಿಡೀ ಯಾವ ಕಾಗದ ಮುಂದಿಟ್ಟರೂ ಹೆಬ್ಬೆಟ್ಟು ಒತ್ತಿದವರು. ಅದನ್ನು ನೋಡಿ ನೋಡಿ ನಾನು ಮೊದಲು ಕಲಿತದ್ದು ಸಹಿ. ಮೂರು ತಿಂಗಳು ಕೂತು ತಿದ್ದಿದೆ. ಕೊನೆಯಲ್ಲಿ ಒಂದು ಸುರುಳಿ ಸುತ್ತಿ ಅದರ ಕೆಳಗೆ ಎರಡು ಚುಕ್ಕಿ ಇಡುತ್ತೇನೆ. ಬ್ಯಾಂಕಿನವರು ಈಗಲೂ ಒಂದು ಗಳಿಗೆ ನಿಂತು ನೋಡುತ್ತಾರೆ.

ತೊಂಬತ್ತರ ದಶಕದ ಕೊನೆಯ ಭಾಗ. ತುರುವೇಕೆರೆ ಕಡೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರೊಬ್ಬರು ಹೆಂಡತಿಯ ಜೊತೆ ನನ್ನ ಅಂಗಡಿಗೆ ಬಂದರು. ಬಿಳಿಗೆರೆ ದಾರಿಯಲ್ಲಿ ನನ್ನದೊಂದು ಹಳೆಯ ಗೋದಾಮು ಖಾಲಿ ಬಿದ್ದಿತ್ತು. ಅದು ಬೇಕು ಎಂದರು. ನೆಲ ಗಟ್ಟಿ ಇದೆಯೇ ಎಂದು ಮೂರು ಸಲ ಕೇಳಿದರು. ನೆಲದ ಬಗ್ಗೆ ಕೇಳುವ ಬಾಡಿಗೆದಾರನನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಬಾಡಿಗೆ ಎಷ್ಟು ಹೇಳ್ತೀರಿ ಸಾವ್ಕಾರ್ರೇ?"

"ಮೊದ್ಲು ಅಲ್ಲೇನ್ ಮಾಡ್ತೀರಿ ಹೇಳಿ ಮೇಷ್ಟ್ರೇ. ಬಾಡಿಗೆ ಮಾತು ಆಮೇಲೆ."

"ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕ್ತೀನಿ."

"ಅದನ್ನ ಯಾರ್ ತಗತಾರೆ?"

"ಬೆಂಗಳೂರಲ್ಲಿ ಒಬ್ಬಿಬ್ರು ತಗತಾರೆ."

"ಹಂಗಾದ್ರೆ ಬಾಡಿಗೆ ನಿಮ್ ಕೈಲಿ ಆಗಲ್ಲ ಬುಡಿ."

ಮೇಷ್ಟ್ರು ನಕ್ಕರು. ಹಿಂದೆ ನಿಂತಿದ್ದ ಅವರ ಹೆಂಡತಿ ನಗಲಿಲ್ಲ. "ಆಗ್ದೇ ಇದ್ರೆ ಬಸ್ಸಿಗೆ ದುಡ್ಡು ಕೊಟ್ಕಂಡು ಯಾಕಣ್ಣ ಬರ್ತಿದ್ವಿ?" ಎಂದರು. ಈಕೆಯ ಹತ್ತಿರ ಹುಷಾರಾಗಿರಬೇಕು ಎಂದು ನನಗೆ ಅಲ್ಲೇ ತಿಳಿಯಿತು.

ಕೊನೆಗೆ ಕುದುರಿದ್ದು ಹೀಗೆ: ಬಾಡಿಗೆ ಅರ್ಧ, ಉಳಿದದ್ದಕ್ಕೆ ಅವರು ತೆಗೆಯುವ ಪ್ರತಿಯೊಂದು ಚಿತ್ರದ ಒಂದು ಪ್ರತಿ ನನಗೆ. ಅದೂ ಒಂದನೇ ನಂಬರಿನದೇ ಆಗಬೇಕು ಎಂದೆ. ಮೂಟೆಯ ಬಾಯಲ್ಲಿರುವ ಸರಕು ಯಾವಾಗಲೂ ಚೆನ್ನಾಗಿರುತ್ತದೆ, ತಳದಲ್ಲಿ ಚೂರು ಇರುತ್ತದೆ ಎನ್ನುವುದು ನಮ್ಮ ಲೆಕ್ಕ. ಕಲ್ಲಚ್ಚಿನಲ್ಲಿ ಒಂದನೆಯದಕ್ಕೂ ಕೊನೆಯದಕ್ಕೂ ವ್ಯತ್ಯಾಸವಿಲ್ಲ ಎಂದು ಮೇಷ್ಟ್ರು ಪಾಠ ಮಾಡಿದರು. "ಇಲ್ಲಾಂದ್ಮೇಲೆ ನಂಗೇ ಕೊಟ್ಬುಡಿ, ನಿಮಗೇನ್ ಹೋಯ್ತದೆ?" ಎಂದೆ. ಅವರು ಒಪ್ಪಿಕೊಂಡರು. ಎದುರಿನವನು ಯಾವುದಕ್ಕೆ ಬೆಲೆಯಿಲ್ಲ ಎನ್ನುತ್ತಾನೋ ಅದನ್ನು ಅಲ್ಲೇ ಕೇಳಿ ತೆಗೆದುಕೊಳ್ಳಬೇಕು. ಆಮೇಲೆ ಅದು ಕೈಗೆ ಸಿಗುವುದಿಲ್ಲ.

ಕಲ್ಲುಗಳು ಬಂದದ್ದು ನನ್ನ ಲಾರಿಯಲ್ಲೇ. ಬೆಂಗಳೂರಿನಲ್ಲಿ ಬೀಡಿ ಕಟ್ಟಿನ ಲೇಬಲ್ಲು, ಊದುಬತ್ತಿ ಪೊಟ್ಟಣ ಅಚ್ಚು ಹಾಕುತ್ತಿದ್ದ ಹಳೆಯ ಪ್ರೆಸ್ಸೊಂದು ಆಫ್‌ಸೆಟ್ ಬಂದ ಮೇಲೆ ಬಾಗಿಲು ಹಾಕಿತ್ತು. ಮೇಷ್ಟ್ರು ಅಲ್ಲಿನ ಕಲ್ಲುಗಳನ್ನೂ ಕೈಯಿಂದ ತಿರುಗಿಸುವ ಯಂತ್ರವನ್ನೂ ತೂಕದ ಬೆಲೆಗೆ ಹಿಡಿದಿದ್ದರು. ಸರಕು ಇಳಿಸಿ ಖಾಲಿ ಬರುವ ಲಾರಿ, ನನಗೇನೂ ಭಾರವಾಗಲಿಲ್ಲ. ನಾಲ್ಕು ಬೆರಳು ದಪ್ಪದ, ಬೂದು ಬಣ್ಣದ ನುಣುಪು ಕಲ್ಲುಗಳು. ಒಂದೊಂದನ್ನು ಇಬ್ಬರು ಹಮಾಲಿಗಳು ಹೊತ್ತರು. ಒಂದು ಕಲ್ಲಿನ ಮೇಲೆ ಯಾವುದೋ ಬೀಡಿಯ ಗಿಳಿ ಇನ್ನೂ ಹಾಗೇ ಕೂತಿತ್ತು. ಅದರ ಪಕ್ಕದ ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇದ್ದವು.

ಇದರ ಗುಟ್ಟು ಸರಳ. ಜಿಡ್ಡಿಗೂ ನೀರಿಗೂ ಆಗಿಬರುವುದಿಲ್ಲ, ಅಷ್ಟೆ. ಜಿಡ್ಡಿನ ಕಡ್ಡಿಯಿಂದ ಕಲ್ಲಿನ ಮೇಲೆ ಚಿತ್ರ ಬರೆಯುತ್ತಾರೆ. ಗೋಂದಿಗೆ ಒಂದಿಷ್ಟು ಆಸಿಡ್ ಬೆರೆಸಿ ಬಳಿದು ಆ ಜಿಡ್ಡನ್ನು ಕಲ್ಲಿಗೆ ಹಿಡಿಸುತ್ತಾರೆ. ಆಮೇಲೆ ಸ್ಪಂಜಿನಿಂದ ಕಲ್ಲನ್ನು ಒದ್ದೆ ಮಾಡಿ ಮಸಿಯ ರೋಲರ್ ಉರುಳಿಸಿದರೆ, ಬರೆದ ಕಡೆ ಮಸಿ ಕೂರುತ್ತದೆ, ಒದ್ದೆಯಾದ ಕಡೆ ಕೂರುವುದಿಲ್ಲ. ಕಾಗದ ಇಟ್ಟು ಯಂತ್ರದಲ್ಲಿ ಎಳೆದರೆ ಒಂದು ಬಣ್ಣ ಮುಗಿಯಿತು. ಐದು ಬಣ್ಣ ಬೇಕೆಂದರೆ ಐದು ಕಲ್ಲು, ಪ್ರತಿ ಕಾಗದಕ್ಕೂ ಐದು ಸಲ ಎಳೆತ. ಬಣ್ಣ ಒಂದು ಕೂದಲಿನಷ್ಟೂ ಪಕ್ಕಕ್ಕೆ ಜರುಗಬಾರದು. ಇದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ರೋಲರ್ ಮೇಷ್ಟ್ರದು, ಸ್ಪಂಜು ಅವರ ಹೆಂಡತಿಯದು. ನೀರು ಹೆಚ್ಚಾದರೆ ಚಿತ್ರ ಮಂಕು, ಕಡಿಮೆಯಾದರೆ ಕಲ್ಲೆಲ್ಲ ಕಪ್ಪು. ಆಕೆ ಕಲ್ಲಿನ ಹೊಳಪನ್ನು ಓರೆಗಣ್ಣಿನಲ್ಲಿ ನೋಡಿಯೇ ಸ್ಪಂಜು ಎಳೆಯುತ್ತಿದ್ದರು. ನಾವು ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಣಗಿದೆಯೋ ಇಲ್ಲವೋ ಹೇಳುವುದಿಲ್ಲವೇ, ಹಾಗೆ.

ಗೋದಾಮಿನ ಹಿಂಬದಿಯ ಕೋಣೆಯೇ ಅವರ ಮನೆ. ಅಲ್ಲಿ ಒಂದು ಕಟ್ಟಳೆ ಇತ್ತು. ಕಲ್ಲಿನ ಮೇಲೆ ಮೊದಲ ಗೆರೆ ಬಿದ್ದ ದಿನದಿಂದ ಕೊನೆಯ ಪ್ರತಿಗೆ ಸಹಿ ಬೀಳುವ ತನಕ ಇಬ್ಬರೂ ತಲೆಗೆ ಎಣ್ಣೆ ಮುಟ್ಟಿಸುವಂತಿರಲಿಲ್ಲ. ಕೂದಲು ಸವರಿದ ಕೈ ಮರೆತು ಕಲ್ಲಿಗೆ ತಾಗಿದರೆ ಅಲ್ಲೊಂದು ಕಲೆ ಏಳುತ್ತದೆ. ಅಡಿಗೆ ಮುಗಿಸಿ ಬಂದರೆ ಮೊಣಕೈವರೆಗೆ ಸೀಗೆಪುಡಿ ಹಾಕಿ ತಿಕ್ಕಿಕೊಂಡೇ ಆಕೆ ಒಳಗೆ ಬರುತ್ತಿದ್ದರು. ನಮ್ಮ ಸೀಮೆಯಲ್ಲಿ ಎಣ್ಣೆಯಿಲ್ಲದ ತಲೆಯೆಂದರೆ ಸೂತಕದ ಮನೆಯ ತಲೆ. ನಲ್ಲಿಯ ಹತ್ತಿರ ಹೆಂಗಸರು ಬಿಡುತ್ತಾರೆಯೇ? "ತೆಂಗಿನ ತೋಟದ ಮಧ್ಯ ಇದ್ಕಂಡು ತಲೆ ನೋಡೇ, ಮಟ್ಟೆ ನಾರು ಇದ್ದಂಗೈತೆ" ಎಂದು ಆಕೆಗೆ ಕೇಳುವ ಹಾಗೇ ಅಂದದ್ದನ್ನು ನಾನೇ ಕೇಳಿದ್ದೇನೆ. ಆಕೆ ಕೊಡ ತುಂಬಿಸಿಕೊಂಡು, "ನಾರಿಗಾದ್ರೂ ಬೆಲೆ ಐತೆ ಕಣ್ರವ್ವ" ಎಂದು ನಡೆದುಬಿಟ್ಟರು.

ಎರಡನೇ ವರ್ಷ ಮೇಷ್ಟ್ರು ಕೊಬ್ಬರಿ ಅಟ್ಟದ ಚಿತ್ರಕ್ಕೆ ಕೈ ಹಾಕಿದರು. ಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಹತ್ತಿರ ಕೂತು ಒಳಗೇ ಒಣಗಿ ಉಂಡೆಯಾಗುವುದು ನಮಗೆ ದಿನದ ನೋಟ. ಅದನ್ನು ಚಿತ್ರ ಬರೆಯುವಂಥದ್ದು ಏನಿದೆ ಎಂದು ನನಗೆ ಅನಿಸಿತ್ತು. ಬೆಂಗಳೂರಿನ ಒಂದು ಗ್ಯಾಲರಿಯವರು ಮಾತ್ರ ಮೂವತ್ತು ಪ್ರತಿಯನ್ನೂ ಪ್ರದರ್ಶನಕ್ಕೆ ಕೇಳಿದ್ದರು. ನನ್ನ ಪಾಲಿನದೂ ಪ್ರದರ್ಶನ ಮುಗಿಸಿಯೇ ಬರಬೇಕಿತ್ತು. ಮೇಷ್ಟ್ರು ಅದಕ್ಕೆಂದೇ ಕೈಯಲ್ಲಿ ಮಾಡಿದ ದಪ್ಪ ಕಾಗದ ತರಿಸಿದರು. ಒಟ್ಟು ಮೂವತ್ತನಾಲ್ಕು ಹಾಳೆ. ಕೆಟ್ಟರೆ ನಾಲ್ಕು ಕೆಡಬಹುದು, ಅದಕ್ಕಿಂತ ಹೆಚ್ಚು ಕೆಡುವಂತಿಲ್ಲ.

"ಕಲ್ಲು ಹಂಗೇ ಇರ್ತದಲ್ಲ ಮೇಷ್ಟ್ರೇ, ಒಂದಿನ್ನೂರು ಹೊಡೀರಿ. ದಿಲ್ಲಿ ಕಡೆ ನನ್ ಗಿರಾಕಿಗಳಿಗೆ ಹೊಸ ವರ್ಷಕ್ಕೆ ಕೊಡ್ತೀನಿ" ಎಂದೆ.

"ನೀವು ಅಟ್ಟದಲ್ಲಿರೋ ಕೊಬ್ಬರೀನೆಲ್ಲ ಒಂದೇ ದಿನ ಮಾರ್ಕೆಟ್ಟಿಗೆ ಸುರೀತೀರಾ?"

ಅವರು ಕೇಳಿದ್ದು ಅಷ್ಟೇ. ನಾನು ಮತ್ತೆ ಆ ಮಾತು ಎತ್ತಲಿಲ್ಲ. ನನ್ನ ಕಸುಬಿನ ಮಾತನ್ನೇ ನನಗೆ ತಿರುಗಿಸಿ ಹೇಳಿದವರ ಜೊತೆ ವಾದ ಏನು?

ಹಳದಿ, ಕಾವಿ, ಕಂದು, ನೀಲಿ, ನಾಲ್ಕೂ ಬಣ್ಣ ಸಾಂಗವಾಗಿ ಮುಗಿದವು. ಹಾಳೆಗಳು ಗೋದಾಮಿನ ಉದ್ದಕ್ಕೂ ತಂತಿಯ ಮೇಲೆ ತೂಗುತ್ತಿದ್ದವು. ಉಳಿದದ್ದು ಕಪ್ಪು. ಚಿತ್ರಕ್ಕೆ ಜೀವ ಕೊಡುವುದು ಆ ಕಲ್ಲೇ ಎಂದು ಮೇಷ್ಟ್ರು ಅದನ್ನು ಒಂಬತ್ತು ದಿನ ಬರೆದರು.

ಸಂತೆಯ ದಿನ ಮಧ್ಯಾಹ್ನ ನಾನು ಮಾರ್ಕೆಟ್ಟಿನಿಂದ ನೇರವಾಗಿ ಅಲ್ಲಿಗೆ ಹೋದೆ. ಬೆಳಿಗ್ಗೆಯಿಂದ ನೂರಾರು ಉಂಡೆ ಒಡೆದು, ಒಳಗೆ ಹೆಬ್ಬೆರಳು ಒತ್ತಿ, ಎಣ್ಣೆ ನೋಡಿ ಬೆಲೆ ಕಟ್ಟಿದ್ದೆ. ಮೇಷ್ಟ್ರು ಹಿತ್ತಿಲಲ್ಲಿ ಊಟಕ್ಕೆ ಕೈಕಾಲು ತೊಳೆಯುತ್ತಿದ್ದರು. ಹೆಂಡತಿ ಒಳಗೆ ಎಲೆ ಹಾಕುತ್ತಿದ್ದರು. ಕಪ್ಪಿನ ಕಲ್ಲು ಮೇಜಿನ ಮೇಲಿತ್ತು, ಮೇಲೊಂದು ಬಿಳಿ ಪಂಚೆ. ಗೋಂದು ಇನ್ನೂ ಬಳಿದಿರಲಿಲ್ಲ. ಪಂಚೆ ಎತ್ತಿ ನೋಡಿದೆ.

ನಾನು ಹುಟ್ಟಿದಾಗಿನಿಂದ ಕಂಡ ಅಟ್ಟ, ಎಡಬಲ ಬದಲಾಗಿ, ಅಲ್ಲಿ ಕೂತಿತ್ತು. ಅಡಿಕೆ ದಬ್ಬೆಗಳು, ಹೊಗೆ ಹಿಡಿದ ತೊಲೆ, ಕಾಯಿಯ ರಾಶಿ. ಮೇಲೊಂದು ಗಾಜಿನ ಹೆಂಚು, ಅದರಿಂದ ಇಳಿದ ಬಿಸಿಲಿನ ಕೋಲು. ಆ ಕೋಲಿನೊಳಗೆ ಧೂಳಿನ ಕಣಗಳನ್ನು ಸಾಸಿವೆಗಿಂತ ಸಣ್ಣ ಚುಕ್ಕಿಯಲ್ಲಿ ಬರೆದಿದ್ದರು. ನಾನು ಏನನ್ನೂ ಕಣ್ಣಿನಿಂದ ಮಾತ್ರ ನೋಡಿ ನಂಬುವವನಲ್ಲ. ಸರಕು ಎಂದರೆ ಒತ್ತಿ ನೋಡಬೇಕು. ಬಿಸಿಲಿನ ನಟ್ಟನಡುವೆ ಹೆಬ್ಬೆರಳು ಇಟ್ಟು ಒತ್ತಿದೆ. ತಣ್ಣಗಿತ್ತು. ತೆಗೆದು ನೋಡಿದರೆ ಏನೂ ಗುರುತಿಲ್ಲ. ಪಂಚೆ ಮುಚ್ಚಿ, ಊಟ ಮಾಡಿ, ಮನೆಗೆ ಬಂದೆ.

ಜಿಡ್ಡಿನ ಗುಟ್ಟು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕೊಬ್ಬರಿಯವನ ಕೈಯ ಜಿಡ್ಡು ಅವನಿಗೆ ಜಿಡ್ಡೆಂದು ಅನಿಸುವುದಿಲ್ಲ. ಅದು ಅವನಿಗೆ ಕೈಯೇ.

ಎರಡು ದಿನದ ಮೇಲೆ, ಕೊನೆಯ ಬಣ್ಣ ನೋಡಲು ಬನ್ನಿ ಎಂದು ಮೇಷ್ಟ್ರು ಹೇಳಿ ಕಳಿಸಿದರು. ಹೋದೆ. ಆಕೆ ಸ್ಪಂಜು ಎಳೆದರು, ಅವರು ರೋಲರ್ ಉರುಳಿಸಿದರು. ತೊಲೆ ಕಪ್ಪಾಯಿತು, ದಬ್ಬೆ ಕಪ್ಪಾಯಿತು. ಮೂರನೇ ಸಲ ಉರುಳಿಸುವಾಗ ಬಿಸಿಲಿನ ನಡುವೆ ಬಾದಾಮಿಯಾಕಾರದ ಒಂದು ಮಚ್ಚೆ ಎದ್ದಿತು. ಮೇಷ್ಟ್ರು ಒಂದು ಮಾಮೂಲಿ ಕಾಗದ ಇಟ್ಟು ಎಳೆದರು. ಕಾಗದ ಎತ್ತಿ ಬಾಗಿಲ ಬೆಳಕಿಗೆ ಹಿಡಿದರು. ಬೆರಳಿನ ಗೆರೆ ಗೆರೆಯೂ ಅದರಲ್ಲಿ ಮೂಡಿತ್ತು.

"ಬೆರಳು ತಾಗ್ಸಿದ್ದೀಯ ಕಣೇ" ಎಂದರು ಹೆಂಡತಿಗೆ.

"ನಾನ್ ತಾಗ್ಸಿಲ್ಲ."

"ಮತ್ತೆ ಇದೇನು, ನನ್ ಕಣ್ಣಿನ ಭ್ರಮೆಯಾ? ತಲೆಗೆ ಎಣ್ಣೆ ಇಟ್ಟಿದ್ಯಾ?"

"ಇಪ್ಪತ್ತೆರಡು ದಿನ ಆಯ್ತು ಇಟ್ಟು. ಬೇಕಾದ್ರೆ ಮೂಸಿ ನೋಡಿ."

"ಸ್ಪಂಜು ಅಲ್ಲಿಡು. ಇನ್ಮೇಲೆ ನೀನು ಕಲ್ಲಿನ ಹತ್ರ ಬರೋದು ಬೇಡ. ಬೆಂಗಳೂರಲ್ಲಿ ಆ ಹಳೇ ಪ್ರೆಸ್ಸಿನೋನು ಒಬ್ಬ ಸುಮ್ನೆ ಕೂತಿದಾನೆ, ಅವನನ್ನ ಕರೆಸ್ಕಂತೀನಿ."

ಆಕೆ ಸ್ಪಂಜನ್ನು ಹಿಂಡಲೂ ಇಲ್ಲ. ಹಾಗೇ ಬಕೆಟ್ಟಿಗೆ ಬಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಗೋಡೆಗೆ ಒರಗಿ ನಿಂತರು.

ವ್ಯಾಪಾರದಲ್ಲಿ ನಾನು ಪಾಲಿಸಿಕೊಂಡು ಬಂದ ಒಂದು ನಿಯಮವಿದೆ: ಎದುರಿನವನು ಕಂಡುಹಿಡಿಯುವ ತನಕ ನನ್ನ ಸರಕಿನ ದೋಷ ನಾನು ಹೇಳುವುದಿಲ್ಲ. ಅದರಿಂದ ನಾನು ಉದ್ಧಾರವಾಗಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಕಾಗದದಲ್ಲಿ, ಬೆರಳಿನ ಗೆರೆಗಳನ್ನು ಅಡ್ಡ ಕತ್ತರಿಸಿದ ಒಂದು ಬಿಳಿ ಗೀಟು ಇತ್ತು. ಹದಿನಾರನೇ ವಯಸ್ಸಿನಲ್ಲಿ ಮಚ್ಚು ಜಾರಿ ಆದ ಗಾಯದ್ದು ಅದು. ಮೇಷ್ಟ್ರು ಕಂಡಿರಲಿಲ್ಲ, ನಾನು ಕಂಡೆ. ಬಾಯಿ ಮುಚ್ಚಿಕೊಂಡರೆ ನನಗೇನೂ ಆಗುತ್ತಿರಲಿಲ್ಲ. ಬೆಂಗಳೂರಿನವನು ಬರುತ್ತಿದ್ದ, ಚಿತ್ರವೂ ಹೇಗೋ ಮುಗಿಯುತ್ತಿತ್ತು. ಮೂರು ವಾರ ಊರವರಿಂದ ಅನ್ನಿಸಿಕೊಂಡು ತಲೆ ಒಣಗಿಸಿಕೊಂಡ ಹೆಂಗಸು ಮಾತ್ರ ಮತ್ತೆ ಕಲ್ಲಿನ ಹತ್ತಿರ ಬರುತ್ತಿರಲಿಲ್ಲ.

"ಮೇಷ್ಟ್ರೇ, ಆ ಕಾಗದ ಇತ್ತ ಕೊಡಿ" ಎಂದೆ. ಮಚ್ಚೆಯ ಪಕ್ಕ ನನ್ನ ಹೆಬ್ಬೆರಳನ್ನು ಅಂಗಾತ ಹಿಡಿದೆ. ಪತ್ರಗಳ ಮೇಲಿನ ಹೆಬ್ಬೆಟ್ಟು ಬೆರಳಿಗೆ ಉಲ್ಟಾ ಇರುತ್ತದೆ. ಇದು ಕಲ್ಲಿನಲ್ಲಿ ಒಮ್ಮೆ ಉಲ್ಟಾ ಆಗಿ ಕಾಗದದಲ್ಲಿ ಮತ್ತೆ ಸರಿಯಾಗಿ ಬಂದಿತ್ತು. ನನ್ನ ಬೆರಳೇ ಎರಡಾದ ಹಾಗೆ, ಗಾಯದ ಗೀಟಿನ ಸಮೇತ.

"ಸಂತೆ ದಿನ. ನೀವು ಕಾಲ್ ತೊಳೀತಿದ್ರಿ. ಒತ್ತಿ ನೋಡ್ದೆ."

ಮೇಷ್ಟ್ರು ಬೆರಳನ್ನೂ ಕಾಗದವನ್ನೂ ನನ್ನ ಮುಖವನ್ನೂ ನೋಡಿದರು. ಒಬ್ಬ ಡ್ರಾಯಿಂಗ್ ಮೇಷ್ಟ್ರು ಹುಡುಗರಿಗೆ ಏನೇನು ಬಯ್ಯಬಹುದೋ ಅದೆಲ್ಲ ಅವರ ಗಂಟಲಿಗೆ ಬಂದು ನಿಂತದ್ದು ಕಂಡಿತು. ಮಾತಾಡಿದ್ದು ಗೋಡೆಗೆ ಒರಗಿದ್ದವರು.

"ಅಲ್ಲಣ್ಣ, ಇಲ್ಲಿ ನನ್ ತಲೆ ಉಪವಾಸ, ನಿಮ್ ಬೆರಳಿಗೆ ಹಬ್ಬ."

ನಾನು ನಗಲಿಲ್ಲ. "ಅಳಿಸಕ್ಕೆ ಬರ್ತದಾ ಮೇಷ್ಟ್ರೇ?"

"ಬ್ಲೇಡಲ್ಲಿ ಕೆರೆದು ಉಜ್ಜಬೇಕು. ಅಲ್ಲಿರೋ ಧೂಳಿನ ಚುಕ್ಕಿ ಹೋಗ್ತವೆ. ಹೋದ್ರೆ ಹೋಗ್ಲಿ." ಮಾತಾಡುತ್ತಲೇ ಅವರು ಕಲ್ಲಿನ ಕಡೆ ತಿರುಗಿ ಗಾಬರಿಯಾದರು. ಮಸಿ ಹತ್ತಿದ ಕಲ್ಲು ಒಣಗುತ್ತಿತ್ತು. ಪೂರ್ತಿ ಒಣಗಿದರೆ, ಇನ್ನೊಂದು ಸಲ ರೋಲರ್ ತಾಗಿದಾಗ ಒಂಬತ್ತು ದಿನದ ಚಿತ್ರ ಕಪ್ಪಿನಲ್ಲಿ ಮುಳುಗುತ್ತದೆ. "ನೀರು, ನೀರು ಹಾಕೇ" ಎಂದರು.

"ಬೆಂಗಳೂರೋನು ಬತ್ತಾನಲ್ಲ" ಎಂದರು ಆಕೆ. ಕಾಲು ಕದಲಿಸಲಿಲ್ಲ.

ಮೂವತ್ತು ವರ್ಷ ಚೌಕಾಸಿ ಮಾಡಿದ್ದೇನೆ. ಅಷ್ಟು ಒಳ್ಳೆಯ ಗಳಿಗೆ ನನ್ನ ಸ್ವಂತ ವ್ಯಾಪಾರಕ್ಕೆ ಒಮ್ಮೆಯೂ ಸಿಕ್ಕಿಲ್ಲ. ಆಕೆಯ ಕೈಯಲ್ಲಿ ಎಂಥ ಸರಕು ಇದೆ ಎಂದು ಆಕೆಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ನಾನು ನಡುವೆ ನಿಂತೆ.

"ಮೇಷ್ಟ್ರೇ, ಕೆಳಗಡೆ ಯಾರ ಸಹಿ ಹಾಕ್ತೀರಿ?"

"ಇದೇನ್ ಸಾವ್ಕಾರ್ರೇ ಈಗ? ನಂದು. ಚಿತ್ರ ಬರೆದೋನು ನಾನು."

"ಅಚ್ಚು ಹಾಕ್ದೋರು ಯಾರು?"

"ಇಬ್ರೂ."

"ಹಂಗಾದ್ರೆ ಇಬ್ರದೂ ಸಹಿ ಬೀಳ್ಬೇಕು. ಮೂವತ್ತರಲ್ಲೂ."

"ಹಂಗೆಲ್ಲ ಪದ್ಧತಿ ಇಲ್ಲ ಕಣ್ರೀ."

"ಕಲ್ಲು ಒಣಗ್ತಾ ಐತೆ ನೋಡಿ."

ಅವರು ಕಲ್ಲನ್ನು ನೋಡಿದರು, ಹೆಂಡತಿಯನ್ನು ನೋಡಿದರು. "ತಪ್ಪು ಮಾಡ್ದೋರು ನೀವು. ನೀವೇನ್ ಬಿಡ್ತೀರಿ?" ಎಂದರು. ನ್ಯಾಯವಾದ ಪ್ರಶ್ನೆ. ಏನೂ ಬಿಡದವನಿಗೆ ವ್ಯಾಪಾರ ಮುಗಿಸಲು ಬರುವುದಿಲ್ಲ.

"ಒಂದನೇ ನಂಬರ್ ಬಿಟ್ಟೆ. ಅದು ಅಕ್ಕನಿಗೆ. ನಂಗೆ ಮೂವತ್ತನೇದು ಕೊಡಿ. ವ್ಯತ್ಯಾಸ ಇಲ್ಲ ಅಂದಿದ್ರಲ್ಲ? ಮೂವತ್ತೂ ಆದ್ಮೇಲೆ ಕಲ್ಲಿನ ಚಿತ್ರ ಅಳಿಸೋ ಕೆಲ್ಸಾನೂ ನಾನೇ ಮಾಡ್ತೀನಿ."

"ಆಯ್ತು" ಎಂದರು ಮೇಷ್ಟ್ರು. ಆಮೇಲೆ ಹೆಂಡತಿಯ ಕಡೆ ತಿರುಗಿ, ದನಿ ಇಳಿಸಿ, "ಬಾ" ಎಂದರು.

ಆಕೆ ಮೊದಲು ಕೈ ತೊಳೆದರು. ಆಮೇಲೆ ಬಕೆಟ್ಟಿನಿಂದ ಸ್ಪಂಜು ಎತ್ತಿ, ಹಿಂಡಿ, ಕಲ್ಲಿನ ಮೇಲೆ ಒಂದೇ ಸಮನೆ ಎಳೆದರು.

ಕೆರೆದು ಉಜ್ಜಿದ ಮೇಲೆ ಎರಡು ದಿನದಲ್ಲಿ ಮೂವತ್ತೂ ಪ್ರತಿ ಬಂದವು, ಮೂರು ಹಾಳೆ ಕೆಟ್ಟವು, ಒಂದು ಮಿಕ್ಕಿತು. ಬಿಸಿಲಿನ ಕೋಲಿನಲ್ಲಿ ಹೆಬ್ಬೆರಳಿನಗಲ ಜಾಗದಲ್ಲಿ ಧೂಳಿಲ್ಲ. ಗೊತ್ತಿದ್ದವರಿಗಷ್ಟೇ ಕಾಣುತ್ತದೆ. ಕೊಳ್ಳಲು ಬಂದವರಲ್ಲಿ ಒಬ್ಬರೂ ಇದುವರೆಗೆ ಅದನ್ನು ಎತ್ತಿ ಬೆಲೆ ಇಳಿಸಿಲ್ಲ.

ಕಲ್ಲು ಅಳಿಸುವುದು ಸುಲಭ ಎಂದುಕೊಂಡಿದ್ದೆ. ಮರಳು ಚೆಲ್ಲಿ, ನೀರು ಹಾಕಿ, ಮೇಲೊಂದು ಸಣ್ಣ ಕಲ್ಲಿಟ್ಟು ರಾಗಿ ಕಲ್ಲು ಬೀಸಿದ ಹಾಗೆ ತಿರುಗಿಸುತ್ತಿರಬೇಕು. ಒಂದು ಬೆಳಗಿನ ಹೊತ್ತೆಲ್ಲ ಹಿಡಿಯಿತು. ಮೊದಲು ಕಾಯಿ ಹೋದವು, ಆಮೇಲೆ ದಬ್ಬೆ, ತೊಲೆ ಕೊನೆಯವರೆಗೂ ಜಗ್ಗಲಿಲ್ಲ. ಬೂದು ನೀರು ನನ್ನ ಪಾದದ ಮೇಲೆ ಹರಿಯಿತು. ಇನ್ನೊಂದು ಪ್ರತಿ ತೆಗೆಯುತ್ತೇನೆ ಎಂದರೆ ಇನ್ನು ಯಾರಿಂದಲೂ ಆಗದು. ಇನ್ನೂರು ಹೊಡೆಯಿರಿ ಎಂದಿದ್ದವನ ಕೈಯೇ ಅದನ್ನು ಅಳಿಸಿತ್ತು. ತೋಳು ನೋಯುತ್ತಿತ್ತು.

ಮಧ್ಯಾಹ್ನ ಸಹಿಗೆ ಕೂತರು. ಮೇಷ್ಟ್ರು ಪೆನ್ಸಿಲ್ಲಿನಲ್ಲಿ ಅಂಕಿ ಬರೆದು, ಬಲಗಡೆ ಸಹಿ ಮಾಡಿ, ಹಾಳೆಯನ್ನು ಹೆಂಡತಿಯ ಕಡೆ ಸರಿಸುವರು. ಆಕೆ ಅದರ ಪಕ್ಕ ತನ್ನ ಹೆಸರನ್ನು ಪೂರ್ತಿಯಾಗಿ, ಒಂದೊಂದು ಅಕ್ಷರ ಬಿಡಿಸಿ ಬರೆಯುವರು. ಮೊದಲ ಪ್ರತಿಯಲ್ಲಿ ಗೆರೆ ಸೊಟ್ಟಗಾಯಿತು. ಅಳಿಸಲೇ ಎಂದು ಕೇಳಿದರು. "ಬೇಡ, ನಿಂದೇ ತಾನೇ ಅದು" ಎಂದರು ಮೇಷ್ಟ್ರು. ಹತ್ತನೆಯದರ ಹೊತ್ತಿಗೆ ಕೈ ಕೂತಿತು. ಸುರುಳಿ, ಚುಕ್ಕಿ ಹೇಳಿಕೊಡಲೇ ಎಂದು ನನಗೆ ನಾಲಗೆಯ ತುದಿಗೆ ಬಂತು, ತಡೆದುಕೊಂಡೆ. ನನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೂರು ಅಡಿ ದೂರದಲ್ಲೇ ನಿಂತಿದ್ದೆ.

ಆ ಮೂವತ್ತನೆಯದು ಈಗ ನನ್ನ ಅಂಗಡಿಯ ಗೋಡೆಯ ಮೇಲಿದೆ. ಬಿಸಿಲು ಬೀಳದ ಗೋಡೆ. ಕಟ್ಟು ಹಾಕುವವನು ಕ್ಯಾಲೆಂಡರಿನ ಹಾಗೆ ಬಿಳಿ ಅಂಚು ಕತ್ತರಿಸಲು ಹೋಗಿದ್ದ, ಕತ್ತರಿ ಕಿತ್ತಿಟ್ಟುಕೊಂಡು ಎದುರಿಗೇ ಕೂತು ಹಾಕಿಸಿದೆ. ನೀವೂ ಹಾಗೇ ಮಾಡಿ. ಎರಡು ಸಹಿ ಯಾಕೆ ಎಂದು ಕೇಳಿದವರಿಗೆ, ಕೆಲಸ ಮಾಡಿದವರು ಇಬ್ಬರು ಎನ್ನುತ್ತೇನೆ.

ಅದಕ್ಕೆ ಸಹಿ ಬಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಕೊನೆಯ ಅಕ್ಷರದ ಕೊಂಬು ಎಳೆದು, ಆಕೆ ಪೆನ್ಸಿಲ್ ಕೆಳಗಿಟ್ಟರು. ಹಾಳೆಯನ್ನು ಮೇಷ್ಟ್ರು ಎತ್ತಿ ದೂರ ಇಡುವವರೆಗೆ ಕಾದರು. ಆಮೇಲೆ ತುರುಬು ಬಿಚ್ಚಿ ಕೂದಲು ಕೊಡವಿ, ನನ್ನ ಕಡೆ ತಿರುಗಿದರು.

"ಅಣ್ಣ, ಈಗ ಎಣ್ಣೆ ತರಿಸಿ. ನಿಮ್ ಬೆರಳಲ್ಲಿರೋಷ್ಟಲ್ಲ, ಒಂದು ಚೊಂಬು."